ಎಲ್ಟ್ಸ್ ಕೋಟೆ: 850 ವರ್ಷದಿಂದ ಒಂದೇ ಮನೆತನದ ಕೈಯಲ್ಲಿ. ಆದರೆ ಈ ಚರಿತ್ರೆ ಯಾರ ಆಸ್ತಿ?

ಯೂರೋ ಬರುವ ಮೊದಲು ಜರ್ಮನಿಯಲ್ಲಿ ಮಾರ್ಕ್ ಇತ್ತು. 1965ರಲ್ಲಿ ಚಲಾವಣೆಗೆ ಬಂದ 500 ಮಾರ್ಕ್ ನೋಟಿನ ಹಿಂಬದಿಯಲ್ಲಿ ಒಂದು ಕೋಟೆಯ ಚಿತ್ರವಿತ್ತು. ಕ್ರೊಯೇಷಿಯಾದಲ್ಲಿ 2022ರ ಕೊನೆಯವರೆಗೆ ಕುನಾ ಇತ್ತು. ಅಲ್ಲಿನ 20 ಕುನಾ ನೋಟಿನ ಹಿಂಬದಿಯಲ್ಲಿ ಒಂದು ಅರಮನೆಯ ಚಿತ್ರವಿತ್ತು. ದೇಶ ಬೇರೆ, ನೋಟು ಬೇರೆ. ಆದರೆ ಆ ಎರಡೂ ಕಟ್ಟಡಗಳ ಹಿಂದಿದ್ದದ್ದು ಒಂದೇ ಮನೆತನ: ಎಲ್ಟ್ಸ್.

ಕ್ರೊಯೇಷಿಯಾದ ಅರಮನೆ ಈಗ ಊರಿನ ಮ್ಯೂಸಿಯಂ. ಜರ್ಮನಿಯ ಕೋಟೆ ಮಾತ್ರ ಇವತ್ತಿಗೂ ಅದೇ ಕುಟುಂಬದ ಖಾಸಗಿ ಆಸ್ತಿ. 850 ವರ್ಷಗಳಲ್ಲಿ 33 ತಲೆಮಾರು ದಾಟಿದರೂ ಅದು ಹೊರಗಿನವರ ಪಾಲಾಗಿಲ್ಲ. ಯುರೋಪಿಗೆ ಓದಲು, ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರ ಫೋನಿನಲ್ಲಿ ಇದರ ಫೋಟೊ ಇರುತ್ತದೆ: ಕಾಡಿನ ನಡುವೆ, ಮಂಜಿನಲ್ಲಿ, ಚೂಪು ಗೋಪುರಗಳ ಕೋಟೆ. ಫೋಟೊ ಚೆನ್ನಾಗಿಯೇ ಬರುತ್ತದೆ, ತಕರಾರಿಲ್ಲ. ಆದರೆ ನೋಡಿಬಂದವರು ಕೇಳದೆ ಬಿಡುವ ಪ್ರಶ್ನೆಗಳೂ ಇವೆ. ಇಷ್ಟು ವರ್ಷ ಇದು ಉಳಿದದ್ದು ಹೇಗೆ? ಅದಕ್ಕೆ ಬೆಲೆ ತೆತ್ತವರು ಯಾರು? ಈಗ ತೆರುತ್ತಿರುವವರು ಯಾರು?

ಎಲ್ಲಿದೆ, ಏನಿದೆ

ಪಶ್ಚಿಮ ಜರ್ಮನಿಯಲ್ಲಿ ಕೋಬ್ಲೆನ್ಸ್ ಮತ್ತು ಟ್ರಿಯರ್ ನಗರಗಳ ನಡುವೆ ಮೊಸೆಲ್ ನದಿ ಹರಿಯುತ್ತದೆ. ಅದಕ್ಕೆ ಸೇರುವ ಎಲ್ಟ್ಸ್‌ಬಾಖ್ ಎಂಬ ಹಳ್ಳ ಒಂದು ಕಡಿದಾದ ಬಂಡೆಯನ್ನು ಮೂರು ಕಡೆಯಿಂದ ಬಳಸಿಕೊಂಡು ಹೋಗುತ್ತದೆ. ಬಂಡೆಯ ಎತ್ತರ ಸುಮಾರು 70 ಮೀಟರ್. ಅದರ ಮೇಲೆ ಕೋಟೆ. ರೋಮನ್ನರ ಕಾಲದಿಂದ ಬಳಕೆಯಲ್ಲಿದ್ದ ವ್ಯಾಪಾರದ ದಾರಿ ಇದರ ಹತ್ತಿರವೇ ಹಾದುಹೋಗುತ್ತಿತ್ತು. ದಾರಿಯ ಮೇಲೆ ಕಣ್ಣಿಟ್ಟವನಿಗೆ ಆದಾಯ. ಕೋಟೆ ಇಲ್ಲೇ ಯಾಕೆ ಎದ್ದಿತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎಲ್ಟ್ಸ್ ಹೆಸರು ಮೊದಲು ಕಾಣುವುದು 1157ರಲ್ಲಿ. ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾನ ಒಂದು ದಾನಪತ್ರಕ್ಕೆ ಸಾಕ್ಷಿ ಹಾಕಿದವರಲ್ಲಿ ರುಡಾಲ್ಫ್ ಫಾನ್ ಎಲ್ಟ್ಸ್ ಎಂಬವನಿದ್ದಾನೆ. ಆ ಕಾಲದ ಹಳೆಯ ಗೋಪುರ 'ಪ್ಲಾಟ್‌ಎಲ್ಟ್ಸ್' ಈಗಲೂ ಇದೆ. ಅದರ ಸುತ್ತ 17ನೇ ಶತಮಾನದವರೆಗೆ ಕಟ್ಟುತ್ತಲೇ ಹೋದರು. ಹಾಗಾಗಿ ಇದನ್ನು ಒಬ್ಬ ರಾಜ ಒಂದೇ ಸಲ ಯೋಜನೆ ಹಾಕಿ ಕಟ್ಟಿಸಿದ್ದಲ್ಲ. ಜಾಗ ಸಾಲದೆ ಮೇಲಕ್ಕೆ ಏರಿಸಿ, ಪಕ್ಕಕ್ಕೆ ಸೇರಿಸಿ, ಮೂಲೆಗೊಂದು ಕೋಣೆ ಎಳೆದು ಬೆಳೆದ ದೊಡ್ಡ ಮನೆ. ಎಂಟು ಗೋಪುರಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ.

ಒಂದು ಅಂಗಳ, ಮೂರು ಒಲೆ

ಇಷ್ಟು ಇಕ್ಕಟ್ಟಾಗಿ ಬೆಳೆಯಲು ಕಾರಣ ಪಾಲು. 1268ರ ಹೊತ್ತಿಗೆ ಎಲಿಯಾಸ್, ವಿಲ್‌ಹೆಲ್ಮ್, ಥಿಯೊಡೊರಿಕ್ ಎಂಬ ಮೂವರು ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡರು. ಮನೆತನ ಮೂರು ಕವಲಾಯಿತು: ಕೆಂಪೆನಿಕ್, ರ್ಯೂಬೆನಾಖ್, ರೋಡೆನ್‌ಡಾರ್ಫ್. ಒಬ್ಬರ ಲಾಂಛನ ಚಿನ್ನದ ಸಿಂಹ, ಇನ್ನೊಬ್ಬರದು ಬೆಳ್ಳಿ ಸಿಂಹ, ಮತ್ತೊಬ್ಬರದು ಕೋಣದ ಕೊಂಬು.

ಹೊಲ ಹಂಚಿಕೊಂಡರು, ಆದರೆ ಕೋಟೆ ಬಿಟ್ಟು ಯಾರೂ ಹೊರಗೆ ಹೋಗಲಿಲ್ಲ. ಒಂದೇ ಗೋಡೆ, ಒಂದೇ ಬಾಗಿಲು, ಒಂದೇ ಅಂಗಳ. ಅಂಗಳದ ಸುತ್ತ ಮೂರು ಮನೆ, ಮೂರು ಅಡುಗೆ. ಜರ್ಮನ್ ಭಾಷೆಯಲ್ಲಿ ಇಂಥ ಕೋಟೆಗೆ 'ಗಾನ್‌ಎರ್ಬೆನ್‌ಬುರ್ಗ್' ಅನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ದಾಯಾದಿಗಳ ಕೋಟೆ.

ದಾಯಾದಿಗಳು ಅಂದಮೇಲೆ ಜಗಳ ಇದ್ದೇ ಇರುತ್ತದೆ. ಬಾವಿ ಯಾರದು, ಬಾಗಿಲು ಕಾಯುವವನಿಗೆ ಕೂಲಿ ಯಾರು ಕೊಡಬೇಕು, ಗೋಡೆ ಬಿದ್ದರೆ ಯಾರ ಖರ್ಚು? ಇದಕ್ಕೆಲ್ಲ ಅವರು ಬರೆದಿಟ್ಟ ಒಪ್ಪಂದದ ಹೆಸರು 'ಬುರ್ಗ್‌ಫ್ರೀಡೆನ್', ಅಂದ್ರೆ ಕೋಟೆಯೊಳಗಿನ ಶಾಂತಿ. ಹೊರಗೆ ಏನೇ ದ್ವೇಷ ಇರಲಿ, ಗೋಡೆಯೊಳಗೆ ಕತ್ತಿ ಎತ್ತುವಂತಿಲ್ಲ ಅನ್ನುವುದು ಇದರ ತಿರುಳು.

ಈ ಪದವನ್ನು ನೆನಪಿಟ್ಟುಕೊಳ್ಳಿ. ಆರು ಶತಮಾನಗಳ ನಂತರ ಜರ್ಮನ್ ರಾಜಕಾರಣ ಇದನ್ನು ಎತ್ತಿಕೊಂಡು ಬೇರೆಯೇ ಕೆಲಸಕ್ಕೆ ಬಳಸಿತು. 1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ದೇಶದೊಳಗೆ ರಾಜಕೀಯ ಜಗಳ ಬೇಡ, ಎಲ್ಲರೂ ಸರ್ಕಾರದ ಹಿಂದೆ ನಿಲ್ಲಬೇಕು ಅನ್ನುವ ನೀತಿಗೆ ಇಟ್ಟ ಹೆಸರು ಅದೇ 'ಬುರ್ಗ್‌ಫ್ರೀಡೆನ್'. ಕಾರ್ಮಿಕರ ಪಕ್ಷವಾಗಿದ್ದ ಸೋಶಿಯಲ್ ಡೆಮಾಕ್ರಟಿಕ್ ಪಕ್ಷ ಆಗಸ್ಟ್ 4ರಂದು ಯುದ್ಧದ ಸಾಲಕ್ಕೆ ಮತ ಹಾಕಿತು. ಕಾರ್ಮಿಕ ಸಂಘಗಳು ಮುಷ್ಕರ ಕೈಬಿಟ್ಟವು. ಡಿಸೆಂಬರ್‌ನಲ್ಲಿ ಮತ್ತೆ ಸಾಲದ ಪ್ರಶ್ನೆ ಬಂದಾಗ ಸಂಸತ್ತಿನಲ್ಲಿ ವಿರುದ್ಧ ಮತ ಹಾಕಿದವರು ಒಬ್ಬರೇ: ಕಾರ್ಲ್ ಲೀಬ್‌ಕ್ನೆಕ್ಟ್. 'ಮನೆಯೊಳಗೆ ಜಗಳ ಬೇಡ' ಅನ್ನುವ ಮಾತು ಯಾರ ಬಾಯಿಂದ ಬರುತ್ತಿದೆ, ಯಾರ ಬಾಯಿ ಮುಚ್ಚಿಸಲು ಬರುತ್ತಿದೆ ಅಂತ ನೋಡಬೇಕು. ಸಮಪಾಲು ಇರುವ ಅಣ್ಣತಮ್ಮಂದಿರ ನಡುವಿನ ಒಪ್ಪಂದ ಒಂದು. ಪಾಲೇ ಇಲ್ಲದವನಿಗೆ ಸುಮ್ಮನಿರು ಅನ್ನುವುದು ಇನ್ನೊಂದು.

ಗೆದ್ದು ಉಳಿದದ್ದಲ್ಲ

ಕೋಟೆ ಅಂದಕೂಡಲೇ ಶೌರ್ಯದ ಕತೆ ನಿರೀಕ್ಷಿಸುತ್ತೇವೆ. ಎಲ್ಟ್ಸ್ ತನ್ನ ಚರಿತ್ರೆಯಲ್ಲಿ ಎದುರಿಸಿದ ದೊಡ್ಡ ಮುತ್ತಿಗೆ ಒಂದೇ, ಅದರಲ್ಲೂ ಸೋತಿತು.

1331ರಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡ್ವಿನ್ ಸುತ್ತಲಿನ ಸ್ವತಂತ್ರ ಸರದಾರರನ್ನೆಲ್ಲ ತನ್ನ ಹಿಡಿತಕ್ಕೆ ತರಲು ಹೊರಟ. ಎಲ್ಟ್ಸ್, ವಾಲ್ಡೆಕ್, ಶ್ಯೋನೆಕ್, ಎರೆನ್‌ಬುರ್ಗ್ ಮನೆತನಗಳು ಒಟ್ಟಾಗಿ ಎದುರು ನಿಂತವು. ಬಿಷಪ್ ಅಂದ್ರೆ ಬರೀ ಪೂಜೆ ಮಾಡುವವನಲ್ಲ. ಚಕ್ರವರ್ತಿಯನ್ನು ಆರಿಸುವ ಮತದಾನದ ಹಕ್ಕಿದ್ದ, ಸೈನ್ಯ ಇಟ್ಟುಕೊಂಡಿದ್ದ ದೊರೆ ಅವನು. ಎಲ್ಟ್ಸ್ ಎದುರಿನ ಗುಡ್ಡದ ಮೇಲೆ ಅವನು ಮುತ್ತಿಗೆಗೆಂದೇ ಒಂದು ಪುಟ್ಟ ಕೋಟೆ ಕಟ್ಟಿಸಿ, ಅಲ್ಲಿಂದ ಕವಣೆಯಂತ್ರದಲ್ಲಿ ಕಲ್ಲು ಎಸೆಸಿದ. ಅದರ ಹೆಸರು ಟ್ರುಟ್ಸ್‌ಎಲ್ಟ್ಸ್. ಆ ಪಾಳುಗೋಡೆಗಳು ಇವತ್ತಿಗೂ ಕೋಟೆಯ ಎದುರಿಗೇ ಇವೆ. ಹೋದವರಲ್ಲಿ ಬಹಳ ಜನ ಅತ್ತ ತಿರುಗಿಯೂ ನೋಡುವುದಿಲ್ಲ.

ದವಸ ಖಾಲಿಯಾಗಿ ಎಲ್ಟ್ಸ್‌ನವರು ಶರಣಾದರು. 1336ರಲ್ಲಿ ಶಾಂತಿಯಾಯಿತು. ಹೊರಗಿನ ರಕ್ಷಣಾ ಗೋಡೆಗಳನ್ನು ಕೆಡವಿ, ಬಿಷಪ್‌ನ ಅಧೀನ ಸರದಾರರಾಗಲು ಒಪ್ಪಿಕೊಂಡರು. ಸ್ವಾತಂತ್ರ್ಯ ಹೋಯಿತು, ಮನೆ ಉಳಿಯಿತು. 1567ರಲ್ಲಿ ಅದೇ ಟ್ರಿಯರ್‌ನ ಆರ್ಚ್‌ಬಿಷಪ್ ಗಾದಿಯ ಮೇಲೆ ಯಾಕೋಬ್ ಫಾನ್ ಎಲ್ಟ್ಸ್ ಕೂತ. ಅಧಿಕಾರದ ಮುಂದೆ ಸೋತವರು ಅದೇ ಅಧಿಕಾರದೊಳಗೆ ಸೇರಿಕೊಂಡು ಮೇಲೆ ಬರುವುದು ಈ ಮನೆತನಕ್ಕೆ ಚೆನ್ನಾಗಿ ಗೊತ್ತಿದ್ದ ವಿದ್ಯೆ.

ಮುಂದಿನ ಗಂಡಾಂತರ 1689ರಲ್ಲಿ. ಫ್ರಾನ್ಸಿನ 14ನೇ ಲೂಯಿಯ ಸೈನ್ಯ ರೈನ್ ಸೀಮೆಯ ಊರುಗಳನ್ನು ಸುಟ್ಟು, ಕೋಟೆಗಳನ್ನು ಸಿಡಿಸುತ್ತಾ ಬಂತು. ಎಲ್ಟ್ಸ್ ಮಾತ್ರ ಉಳಿಯಿತು. ಕಾರಣ, ಕುಟುಂಬದ ಹಾನ್ಸ್ ಆಂಟನ್ ಆ ಹೊತ್ತಿಗೆ ಫ್ರೆಂಚ್ ಸೈನ್ಯದಲ್ಲೇ ಅಧಿಕಾರಿ. ಕೆಡವಬೇಕಾದ ಕೋಟೆಗಳ ಪಟ್ಟಿಯಿಂದ ತನ್ನ ಮನೆಯ ಹೆಸರನ್ನು ಅವನು ತೆಗೆಸಿದ. ಪಟ್ಟಿಯಲ್ಲಿ ಉಳಿದವರಿಗೆ ಒಳಗೆ ಗೊತ್ತಿರುವವರು ಇರಲಿಲ್ಲ, ಅಷ್ಟೇ.

ಆಮೇಲೆ ಫ್ರೆಂಚ್ ಕ್ರಾಂತಿ ಬಂತು. 1794ರಲ್ಲಿ ಫ್ರೆಂಚ್ ಪಡೆಗಳು ರೈನ್ ನದಿಯ ಎಡದಂಡೆಯನ್ನು ಹಿಡಿದವು. ಕೆಂಪೆನಿಕ್ ಕವಲಿನ ಹ್ಯೂಗೊ ಫಿಲಿಪ್ ದೇಶ ಬಿಟ್ಟು ಓಡಿಹೋದ ಶ್ರೀಮಂತ ಎಂದು ಅವನ ಆಸ್ತಿ ಮುಟ್ಟುಗೋಲಾಯಿತು. ಅವನು ಮೈನ್ಸ್ ನಗರದಲ್ಲೇ ಇದ್ದಾನೆಂದು ತಿಳಿದ ಮೇಲೆ 1797ರಲ್ಲಿ ವಾಪಸ್ಸಾಯಿತು. ಆದರೆ ಮರುವರ್ಷ, 1798ರಲ್ಲಿ, ಫ್ರೆಂಚ್ ಆಡಳಿತ ಇಡೀ ಎಡದಂಡೆಯಲ್ಲಿ ಊಳಿಗಮಾನ್ಯ ಹಕ್ಕುಗಳನ್ನು ರದ್ದು ಮಾಡಿತು. ರೈತನಿಂದ ಬರುತ್ತಿದ್ದ ದವಸದ ಪಾಲು, ಬಿಟ್ಟಿ ಚಾಕರಿ ಎಲ್ಲ ನಿಂತಿತು. ಅಂದ್ರೆ ಕಟ್ಟಡ ಉಳಿಯಿತು, ಅದನ್ನು ಸಾಕುತ್ತಿದ್ದ ವ್ಯವಸ್ಥೆ ಹೋಯಿತು. ರೋಡೆನ್‌ಡಾರ್ಫ್ ಕವಲಿನಲ್ಲಿ ಅಷ್ಟರೊಳಗೆ ವಾರಸುದಾರರಿರಲಿಲ್ಲ. 1815ರಲ್ಲಿ ರ್ಯೂಬೆನಾಖ್‌ನವರ ಪಾಲನ್ನೂ ಹ್ಯೂಗೊ ಫಿಲಿಪ್ ಕೊಂಡುಕೊಂಡ. ಮೂರು ಒಲೆಯ ಮನೆ ಒಂದೇ ಒಲೆಯದಾಯಿತು.

ಒಳಗೆ ಹೋದಾಗ ಏನು ನೋಡಬೇಕು

ರ್ಯೂಬೆನಾಖ್ ಮತ್ತು ರೋಡೆನ್‌ಡಾರ್ಫ್ ಮನೆಗಳನ್ನು ಜನರಿಗೆ ತೆರೆದಿದ್ದಾರೆ. ಕೆಂಪೆನಿಕ್ ಮನೆ ಕುಟುಂಬಕ್ಕೇ ಮೀಸಲು. ಒಳಗೆ ಒಬ್ಬೊಬ್ಬರೇ ಅಡ್ಡಾಡುವಂತಿಲ್ಲ, ಗೈಡ್ ಜೊತೆ ಸುಮಾರು 40 ನಿಮಿಷದ ಸುತ್ತು. ಒಳಗೆ ಫೋಟೊ ತೆಗೆಯುವಂತಿಲ್ಲ. ಹಾಗಾಗಿ ಕಣ್ಣಿಗೇ ಕೆಲಸ.

1472ರಲ್ಲಿ ಮುಗಿದ ರ್ಯೂಬೆನಾಖ್ ಮನೆಯಲ್ಲಿ ಲೂಕಾಸ್ ಕ್ರನಾಖ್ ಬಿಡಿಸಿದ, ದ್ರಾಕ್ಷಿ ಹಿಡಿದ ಮಗುವಿನೊಂದಿಗಿನ ಮರಿಯಳ ಚಿತ್ರವಿದೆ. ಗೋಡೆ ತುಂಬ ಬಳ್ಳಿ ಹೂವು ಬಿಡಿಸಿದ ಮಲಗುವ ಕೋಣೆಯಿದೆ. ಗೈಡ್‌ಗಳು ಇವನ್ನು ಬಿಡದೆ ತೋರಿಸುತ್ತಾರೆ. ನೀವು ಎರಡು ಸಣ್ಣ ಸಂಗತಿಗಳ ಮೇಲೂ ಗಮನ ಇಡಿ. ಒಂದು, ಗೋಡೆಯೊಳಗೆ ಮಾಡಿದ ಕಕ್ಕಸುಗಳು. ಮಳೆನೀರು ಬಂದು ತೊಳೆದುಕೊಂಡು ಹೋಗುವ ವ್ಯವಸ್ಥೆ ಅಲ್ಲಿತ್ತು. ಇನ್ನೊಂದು, 15ನೇ ಶತಮಾನದ ಅಡುಗೆಮನೆ. ಈಗಲೂ ಹಾಗೇ ಉಳಿದಿರುವ ಒಲೆ, ಹಿಟ್ಟಿನ ಪೆಟ್ಟಿಗೆ ಅಲ್ಲಿವೆ. ಇಡೀ ಸುತ್ತಿನಲ್ಲಿ ದುಡಿಯುವ ಜನರ ಹತ್ತಿರಕ್ಕೆ ನಿಮ್ಮನ್ನು ಕರೆದೊಯ್ಯುವ ಜಾಗ ಅದೇ. ಉಳಿದ ಕೋಣೆಗಳ ಗೋಡೆಯ ಮೇಲೆ ಯಜಮಾನರ ಭಾವಚಿತ್ರಗಳಿವೆ. ನೀರು ಹೊತ್ತವರದು, ಸೌದೆ ಸೀಳಿದವರದು, ಕಲ್ಲು ಕೆತ್ತಿದವರದು ಇಲ್ಲ. ಇದು ಎಲ್ಟ್ಸ್ ಒಂದರ ದೋಷವಲ್ಲ. ಚಿತ್ರ ಬರೆಸಲು ದುಡ್ಡು ಇದ್ದವರ ಮುಖ ಮಾತ್ರ ಗೋಡೆಗೆ ಏರುತ್ತದೆ. ಆದರೆ ಇಲ್ಲದ ಮುಖಗಳನ್ನು ನೆನೆದು ನೋಡಿದರೆ ಆ 40 ನಿಮಿಷ ಬೇರೆ ಥರ ಕಾಣುತ್ತದೆ.

ಸರದಾರರ ಸಭಾಂಗಣಕ್ಕೆ ಬಂದಾಗ ತಲೆಯೆತ್ತಿ ನೋಡಿ. ವಿದೂಷಕನ ಮುಖವಾಡಗಳು ಕಾಣುತ್ತವೆ. ಅರ್ಥ: ಇಲ್ಲಿ ಯಾರೂ ಏನು ಬೇಕಾದರೂ ಮಾತಾಡಬಹುದು. ಬಾಗಿಲ ಮೇಲೆ ಒಂದು ಗುಲಾಬಿ ಇದೆ. ಅರ್ಥ: ಇಲ್ಲಿ ಆಡಿದ್ದು ಹೊಸ್ತಿಲು ದಾಟಿ ಹೊರಗೆ ಹೋಗಬಾರದು. ಮುಕ್ತ ಮಾತು ಉಂಟು, ಆದರೆ ಒಳಗಿನವರಿಗೆ ಮಾತ್ರ, ಬಾಗಿಲು ಹಾಕಿಕೊಂಡು.

ಹೊಸ್ತಿಲು ದಾಟಿ ಆಡಿದ ಮಾತು

ಈ ಗುಲಾಬಿಯ ನಿಯಮ ಕೋಟೆಯ ಹೊರಗೂ ಬಹಳ ಕಾಲ ನಡೆಯಿತು. ಕೋಟೆಯಲ್ಲಿನ ಪಾಲು ಮಾರಿಹೋಗಿದ್ದ ರ್ಯೂಬೆನಾಖ್ ಕವಲಿನ ಪಾಲ್ ಫಾನ್ ಎಲ್ಟ್ಸ್ 1932ರಲ್ಲಿ ಜರ್ಮನಿಯ ಅಂಚೆ ಮತ್ತು ಸಾರಿಗೆ ಸಚಿವನಾದ. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅದೇ ಕುರ್ಚಿಯಲ್ಲಿ ಮುಂದುವರಿದ. ನಾಲ್ಕು ವರ್ಷ ಸುಮ್ಮನೆ ಕೆಲಸ ಮಾಡಿದ. 1937ರ ಜನವರಿ 30ರಂದು ಹಿಟ್ಲರ್ ತನ್ನ ಸಚಿವರಿಗೆಲ್ಲ ನಾಜಿ ಪಕ್ಷದ ಚಿನ್ನದ ಬ್ಯಾಡ್ಜ್ ಕೊಡಲು ಬಂದಾಗ, ಚರ್ಚ್ ಮೇಲಿನ ದಬ್ಬಾಳಿಕೆಯನ್ನು ಎತ್ತಿ ಹೇಳಿ, ತನಗೆ ಬೇಡ ಅಂದ. ರಾಜೀನಾಮೆ ಕೊಟ್ಟು ಹೊರಬಿದ್ದ.

ಸಂಪುಟದ ಎಲ್ಲರೂ ಕೈಚಾಚಿದ ಹೊತ್ತಿನಲ್ಲಿ ಬೇಡ ಅನ್ನಲು ಧೈರ್ಯ ಬೇಕು. ಆ ಧೈರ್ಯ ಬರುವಷ್ಟರಲ್ಲಿ ಕಾರ್ಮಿಕ ಸಂಘಗಳಿಗೆ ಬೀಗ ಬಿದ್ದಿತ್ತು, ವಿರೋಧ ಪಕ್ಷಗಳು ನಿಷೇಧವಾಗಿದ್ದವು, ಯಹೂದಿಗಳ ಪೌರತ್ವದ ಹಕ್ಕು ಕಿತ್ತುಕೊಂಡಾಗಿತ್ತು ಅನ್ನುವುದೂ ಅಷ್ಟೇ ನಿಜ. ಎರಡನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ಇನ್ನೊಂದು ಮನೆಯ ಕತೆ

20 ಕುನಾ ನೋಟಿಗೆ ಬರೋಣ. ಮನೆತನದ ಫಿಲಿಪ್ ಕಾರ್ಲ್ 1732ರಿಂದ 1743ರವರೆಗೆ ಮೈನ್ಸ್‌ನ ಆರ್ಚ್‌ಬಿಷಪ್. 1736ರಲ್ಲಿ ಅವನು ಡ್ಯಾನ್ಯೂಬ್ ದಂಡೆಯ ವುಕೊವಾರ್‌ನಲ್ಲಿ ದೊಡ್ಡ ಜಮೀನು ಕೊಂಡ. ಅಲ್ಲೊಂದು ಅರಮನೆ ಎದ್ದಿತು. ಎರಡು ಶತಮಾನ ಎಲ್ಟ್ಸ್‌ಗಳು ಅಲ್ಲಿ ಜಮೀನ್ದಾರರು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಯುಗೊಸ್ಲಾವಿಯಾದ ಕಮ್ಯುನಿಸ್ಟ್ ಆಡಳಿತ ಅರಮನೆ, ಜಮೀನು ಎರಡನ್ನೂ ವಶಪಡಿಸಿಕೊಂಡಿತು, ಕುಟುಂಬ ಹೊರಬಿತ್ತು. ಅರಮನೆ ಊರಿನ ಮ್ಯೂಸಿಯಂ ಆಯಿತು.

ಸರ್ಕಾರದ ಕೈಗೆ ಬಂದದ್ದಕ್ಕೆ ಅದೇನೂ ಭದ್ರವಾಗಿ ಉಳಿಯಲಿಲ್ಲ. 1991ರ ಯುದ್ಧದಲ್ಲಿ ವುಕೊವಾರ್ ಸುಮಾರು ಮೂರು ತಿಂಗಳು ಮುತ್ತಿಗೆಯಲ್ಲಿತ್ತು. ಶೆಲ್ ದಾಳಿಗೆ ಊರಿನ ಜೊತೆ ಅರಮನೆಯೂ ಜಖಂ ಆಯಿತು, ಮ್ಯೂಸಿಯಂನ ವಸ್ತುಗಳು ಸೆರ್ಬಿಯಾಕ್ಕೆ ಹೋದವು. ಅವು ವಾಪಸ್ಸು ಬರತೊಡಗಿದ್ದು 2001ರಲ್ಲಿ. ಕಟ್ಟಡವನ್ನು ಸಾರ್ವಜನಿಕ ಹಣದಿಂದ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಇತ್ತ ಮೊಸೆಲ್ ದಂಡೆಯ ಕೋಟೆ ಪಶ್ಚಿಮ ಜರ್ಮನಿಯಲ್ಲಿತ್ತು. ಪೂರ್ವದ ಸೋವಿಯತ್ ವಲಯದಲ್ಲಿ 1945ರ ಭೂಸುಧಾರಣೆ 100 ಹೆಕ್ಟೇರ್‌ಗಿಂತ ದೊಡ್ಡ ಜಮೀನುಗಳನ್ನು ಪರಿಹಾರವಿಲ್ಲದೆ ತೆಗೆದುಕೊಂಡಿತು. ಪಶ್ಚಿಮದಲ್ಲಿ ಹಾಗಾಗಲಿಲ್ಲ. 850 ವರ್ಷದ ಒಡೆತನದಲ್ಲಿ ವಂಶದ ಜಾಣತನ ಎಷ್ಟಿದೆಯೋ, ಗಡಿರೇಖೆ ಎಲ್ಲಿ ಬಿತ್ತು ಅನ್ನುವ ಅದೃಷ್ಟವೂ ಅಷ್ಟೇ ಇದೆ.

ಖರ್ಚು ಯಾರದು?

19ನೇ ಶತಮಾನದಲ್ಲಿ ಖರ್ಚು ಕುಟುಂಬದ್ದೇ. 1845ರಿಂದ 1888ರವರೆಗೆ ಕಾರ್ಲ್ ಜು ಎಲ್ಟ್ಸ್ 1,84,000 ಮಾರ್ಕ್ ಸುರಿದು ದುರಸ್ತಿ ಮಾಡಿಸಿದ. ಇದ್ದದ್ದನ್ನು ಉಳಿಸಿದನೇ ಹೊರತು, ಆ ಕಾಲದ ಫ್ಯಾಷನ್‌ನಂತೆ ಹೊಸದಾಗಿ 'ಹಳೆಯ ಕೋಟೆ' ಕಟ್ಟಲು ಹೋಗಲಿಲ್ಲ. ಇದಕ್ಕೆ ಅವನಿಗೆ ಪೂರ್ತಿ ಅಂಕ ಕೊಡಬೇಕು. 1920ರಲ್ಲಿ ಬೆಂಕಿ ಬಿದ್ದಾಗ ಮತ್ತೆ ದುರಸ್ತಿಯಾಯಿತು.

ಈಗಿನ ಲೆಕ್ಕ ಬೇರೆ. 2009ರಿಂದ 2012ರವರೆಗೆ ನಡೆದ ದೊಡ್ಡ ದುರಸ್ತಿಗೆ, ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ ಜರ್ಮನ್ ಸರ್ಕಾರ ತಂದ ಉತ್ತೇಜನ ಪ್ಯಾಕೇಜ್‌ನಿಂದಲೂ ಹಣ ಬಂತು. ಅಂದ್ರೆ ತೆರಿಗೆ ಕಟ್ಟುವವರ ದುಡ್ಡು. ಪ್ರವಾಸಿಗರ ಟಿಕೆಟ್ ದುಡ್ಡು ಇದ್ದೇ ಇದೆ.

ಇದರಾಚೆಗೆ ಜರ್ಮನಿಯ ಉತ್ತರಾಧಿಕಾರ ತೆರಿಗೆ ಕಾನೂನಿನಲ್ಲಿ ಒಂದು ಸಾಮಾನ್ಯ ನಿಯಮವಿದೆ. ಅಪ್ಪನಿಂದ ಮಕ್ಕಳಿಗೆ ಆಸ್ತಿ ಬಂದಾಗ ದೊಡ್ಡ ಮೊತ್ತಕ್ಕೆ ತೆರಿಗೆ ಕಟ್ಟಬೇಕು. ಆದರೆ ಚಾರಿತ್ರಿಕ ಕಟ್ಟಡಕ್ಕೆ ಪೂರ್ತಿ ವಿನಾಯಿತಿ ಸಿಗಬಹುದು. ಷರತ್ತುಗಳು ಹೀಗಿವೆ: ಅದನ್ನು ಉಳಿಸುವುದರಲ್ಲಿ ಸಾರ್ವಜನಿಕ ಹಿತ ಇರಬೇಕು. ವರ್ಷದ ಖರ್ಚು ಸಾಮಾನ್ಯವಾಗಿ ಆದಾಯಕ್ಕಿಂತ ಹೆಚ್ಚಿರಬೇಕು. ಸಂಶೋಧನೆಗೆ ಅಥವಾ ಜನರ ತಿಳಿವಳಿಕೆಗೆ ಅದನ್ನು ತೆರೆದಿಡಬೇಕು. ಸ್ಮಾರಕ ಸಂರಕ್ಷಣೆಯ ನಿಯಮಗಳಿಗೆ ಒಪ್ಪಬೇಕು. ಮತ್ತು ಕನಿಷ್ಠ 20 ವರ್ಷ ಕುಟುಂಬದ ಕೈಯಲ್ಲಿರಬೇಕು, ಇಲ್ಲವೇ ರಾಷ್ಟ್ರೀಯ ಮಹತ್ವದ ಪಟ್ಟಿಯಲ್ಲಿರಬೇಕು. ಹತ್ತು ವರ್ಷದೊಳಗೆ ಮಾರಿದರೆ ವಿನಾಯಿತಿ ಹೋಗುತ್ತದೆ.

ಇದನ್ನು ಎರಡು ಥರ ಓದಬಹುದು. ಶ್ರೀಮಂತರಿಗೆ ಇನ್ನೊಂದು ರಿಯಾಯಿತಿ ಅಂತ ಓದಬಹುದು. ಹಳೆಯದಾಗಿ ಶ್ರೀಮಂತರಾಗಿದ್ದರೆ ಸಾಕು, ಕಾನೂನು ಅದಕ್ಕೂ ಬಹುಮಾನ ಕೊಡುತ್ತದೆ ಅನ್ನುವುದರಲ್ಲಿ ಸುಳ್ಳಿಲ್ಲ. ಅಥವಾ ಇದೊಂದು ಕರಾರು ಅಂತ ಓದಬಹುದು: ಮನೆ ನಿಮ್ಮದೇ ಇರಲಿ, ಆದರೆ ಬಾಗಿಲು ತೆರೆದಿರಲಿ, ಮನಸ್ಸಿಗೆ ಬಂದಂತೆ ಕೆಡವುವುದು ಬೇಡ. ಆಸ್ತಿ ಇದ್ದವನಿಗೆ ಹೊಣೆಯೂ ಇದೆ, ಅದರ ಬಳಕೆ ಸಾರ್ವಜನಿಕ ಹಿತಕ್ಕೂ ಒದಗಬೇಕು ಎಂದು ಜರ್ಮನ್ ಸಂವಿಧಾನದ 14ನೇ ವಿಧಿ ಹೇಳುತ್ತದೆ. ತೆರಿಗೆಯ ಈ ನಿಯಮದಲ್ಲೂ ಅದೇ ಮಾತಿನ ನೆರಳಿದೆ.

ನನ್ನ ಮಟ್ಟಿಗೆ ಎರಡನೇ ಓದು ಸರಿ, ಒಂದು ಷರತ್ತಿನೊಂದಿಗೆ. ಬಾಗಿಲು ತೆರೆದರೆ ಸಾಲದು, ಕತೆಯೂ ತೆರೆದುಕೊಳ್ಳಬೇಕು. ಸಾರ್ವಜನಿಕರ ದುಡ್ಡು ಗೋಡೆಗೆ ಹೋಗುತ್ತದೆ ಅಂದಮೇಲೆ ಆ ಗೋಡೆ ಯಾರ ದುಡಿಮೆಯಿಂದ ಎದ್ದಿತು ಅನ್ನುವುದನ್ನೂ ಅಲ್ಲೇ ಹೇಳಬೇಕು. ಕುಟುಂಬವೇ ಮನೆಯನ್ನು ಕಾಪಾಡಿದರೆ ಒಂದು ಅನುಕೂಲವಿದೆ: ಅದು ಬದುಕಿದ ಮನೆಯಾಗಿ ಉಳಿಯುತ್ತದೆ. ಅಪಾಯವೂ ಅಲ್ಲೇ ಇದೆ: ಚರಿತ್ರೆ ವಂಶಾವಳಿಯಾಗಿಬಿಡುತ್ತದೆ.

ಹೋಗುವವರಿಗೆ

ಕೋಟೆ ಸಾಮಾನ್ಯವಾಗಿ ಏಪ್ರಿಲ್ ಆರಂಭದಿಂದ ನವೆಂಬರ್ ಆರಂಭದವರೆಗೆ ತೆರೆದಿರುತ್ತದೆ, ಚಳಿಗಾಲದಲ್ಲಿ ಮುಚ್ಚುತ್ತದೆ. ರೈಲಿನಲ್ಲಿ ಹೋಗುವುದಾದರೆ ಕೋಬ್ಲೆನ್ಸ್–ಟ್ರಿಯರ್ ಮಾರ್ಗದ ಮೊಸೆಲ್‌ಕೆರ್ನ್ ನಿಲ್ದಾಣದಲ್ಲಿ ಇಳಿದು, ಹಳ್ಳದ ಗುಂಟ ಕಾಡುದಾರಿಯಲ್ಲಿ ಒಂದೂವರೆ ಗಂಟೆ ನಡೆಯಬೇಕು. ಕಾರಿನಲ್ಲಿ ಹೋದರೆ ಮೇಲಿನ ಪಾರ್ಕಿಂಗ್‌ನಿಂದ ಕಾಲು ಗಂಟೆಯ ಇಳಿಜಾರು, ನಡೆಯಲಾಗದವರಿಗೆ ಪುಟ್ಟ ಬಸ್ ಇದೆ. ನೆಲಮಾಳಿಗೆಯ ಖಜಾನೆಯಲ್ಲಿ ಚಿನ್ನ ಬೆಳ್ಳಿಯ ಪಾತ್ರೆ, ಆಯುಧಗಳಿವೆ. ಅದನ್ನು ಗೈಡ್ ಇಲ್ಲದೆ ನೋಡಬಹುದು. ದರ, ದಿನಾಂಕಗಳನ್ನು ಹೊರಡುವ ಮೊದಲು ಕೋಟೆಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಸಮಯ ಇದ್ದರೆ ಟ್ರುಟ್ಸ್‌ಎಲ್ಟ್ಸ್‌ನ ಪಾಳುಗೋಡೆಯ ಹತ್ತಿರಕ್ಕೂ ಹೋಗಿಬನ್ನಿ. ಮುತ್ತಿಗೆ ಹಾಕಿದವನು ಎಲ್ಲಿ ನಿಂತು ನೋಡುತ್ತಿದ್ದ ಅಂತ ತಿಳಿಯುತ್ತದೆ. ಗೆದ್ದವನ ಕೋಟೆ ಪಾಳುಬಿದ್ದಿದೆ, ಸೋತವರದು ನೋಟಿನ ಮೇಲೆ ಬಂತು.

ಆ ನೋಟುಗಳೂ ಈಗ ಚಲಾವಣೆಯಲ್ಲಿಲ್ಲ. ಎರಡೂ ದೇಶದಲ್ಲಿ ಯೂರೋ ಇದೆ. ಯೂರೋ ನೋಟಿನ ಮೇಲಿರುವ ಸೇತುವೆ, ಕಮಾನುಗಳು ಯಾವ ಊರಿನವೂ ಅಲ್ಲ. ಯಾವ ದೇಶಕ್ಕೂ ತಕರಾರು ಬರಬಾರದೆಂದು ಕಲ್ಪಿಸಿ ಬರೆದವು. ನಿಜವಾದ ಕಟ್ಟಡಕ್ಕೆ ಆ ಅನುಕೂಲವಿಲ್ಲ. ಅದಕ್ಕೆ ಒಡೆಯರಿರುತ್ತಾರೆ, ಕಟ್ಟಿದವರಿರುತ್ತಾರೆ, ಕಳೆದುಕೊಂಡವರಿರುತ್ತಾರೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ನೀವೂ ಆ 40 ನಿಮಿಷದ ಮಟ್ಟಿಗೆ ಅದರ ದಾಯಾದಿಯೇ. ಪಾಲು ಕೇಳದಿದ್ದರೂ ಲೆಕ್ಕ ಕೇಳಬಹುದು.